ಸಿನಿಮಾ ನೋಡಿ ಪಾಸಾಗುವ ವಿಷಯವಲ್ಲ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 11 ಮತ್ತು 12ನೇ ತರಗತಿಯ ಮಕ್ಕಳು ‘ಫಿಲ್ಮ್, ಟೆಲಿವಿಷನ್ ಅಂಡ್ ನ್ಯೂ ಮೀಡಿಯಾ’ ಎಂಬ ವಿಷಯ ಆಯ್ದುಕೊಳ್ಳಬಹುದು. ಗಣಿತಕ್ಕೆ ಹೆದರಿದವರು ಸಿನಿಮಾ ನೋಡಿಕೊಂಡು ಅಂಕ ಗಿಟ್ಟಿಸುವ ದಾರಿಯಿದು ಎಂಬ ನಂಬಿಕೆ ಅದರ ಬೆನ್ನಿಗೆ ಅಂಟಿಕೊಂಡಿದೆ. ಮಕ್ಕಳನ್ನು ಡಾಕ್ಟರ್, ಎಂಜಿನಿಯರ್ ಮಾಡಹೊರಟ ನಮ್ಮವರಿಗಂತೂ ಅದನ್ನು ನಂಬುವುದು ಸುಲಭ. ಅಂಕಗಳ ಹಂಚಿಕೆ ನೋಡಿದರೆ ಈ ಮಾತು ನಿಲ್ಲುವುದಿಲ್ಲ. 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಶೇ. 15 ಅಂಕ ಒಂದು ಪ್ರಕರಣದ ಅಧ್ಯಯನಕ್ಕೆ, ಶೇ. 25 ಹಲವು ಮಾಧ್ಯಮಗಳನ್ನು ಒಟ್ಟಿಗೆ ಬಳಸುವ ಪ್ರಾಜೆಕ್ಟಿಗೆ, ಶೇ. 35 ವಿದ್ಯಾರ್ಥಿಯೇ ತಯಾರಿಸುವ ಚಿತ್ರಕ್ಕೆ, ಮಿಕ್ಕ ಶೇ. 25 ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆಯಿರುವ ಲಿಖಿತ ಪರೀಕ್ಷೆಗೆ. ಭೌತಶಾಸ್ತ್ರ, ಇತಿಹಾಸಗಳ ಹಾಗೆ ಇದೂ ‘ಜನರಲ್’, ಅಂದರೆ ವಿಶ್ವವಿದ್ಯಾಲಯದ ಓದಿಗೆ ಅಣಿಗೊಳಿಸುವ ವರ್ಗದ ವಿಷಯವೇ.

ಇದಕ್ಕಿಂತ ಗಟ್ಟಿಯಾಗಿ ಬೇರೂರಿದ ತಪ್ಪು ಕಲ್ಪನೆ ಇನ್ನೊಂದಿದೆ: ಹುಟ್ಟುತ್ತಲೇ ಮೊಬೈಲ್ ಹಿಡಿದ ಮಕ್ಕಳಿಗೆ ಮೀಡಿಯಾ ಬಗ್ಗೆ ಕಲಿಸುವುದೇನಿದೆ? 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹೈಸ್ಕೂಲ್ ಮಕ್ಕಳ ಮುಂದೆ ವಿಕಾರವಾದ ಡೇಸಿ ಹೂಗಳ ಫೋಟೋ ಇಟ್ಟರು. ಫುಕುಶಿಮಾ ಅಣುಸ್ಥಾವರದ ವಿಕಿರಣದಿಂದ ಹೀಗಾಗಿದೆ ಎಂಬ ಸೂಚನೆ ಅದರ ಜೊತೆಗಿತ್ತು. ಸುಮಾರು ಶೇ. 40 ಮಕ್ಕಳು ಅದನ್ನು ಬಲವಾದ ಪುರಾವೆಯೆಂದೇ ಒಪ್ಪಿದರು. ಯಾರು ತೆಗೆದದ್ದು, ಎಲ್ಲಿ ತೆಗೆದದ್ದು ಎಂದು ಸರಿಯಾಗಿ ಪ್ರಶ್ನಿಸಿದವರು ಶೇ. 20ರಷ್ಟೂ ಇರಲಿಲ್ಲ. ಬೆರಳಿಗೆ ಅಭ್ಯಾಸವಾದದ್ದು ಬುದ್ಧಿಗೂ ಆಗಿರಬೇಕಿಲ್ಲವಲ್ಲ. ಚಿತ್ರ ತಯಾರಿಸುವ ಕೆಲಸಕ್ಕೆ ಪಠ್ಯದಲ್ಲಿ ಅಷ್ಟು ತೂಕ ಸಿಕ್ಕಿರುವುದು ಸರಿ ಎನಿಸುವುದು ಇಲ್ಲೇ. ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ನಿರ್ಭಾವದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಡನೆ, ಇನ್ನೊಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತಂತೆ. (ಕಥೆಗೆ ಸ್ವಲ್ಪ ಉಪ್ಪು-ಖಾರ ಸೇರಿದ್ದರೂ ಆಶ್ಚರ್ಯವಿಲ್ಲ.) ಇದನ್ನು ಪುಸ್ತಕದಲ್ಲಿ ಓದಿದವನು ತಲೆಯಾಡಿಸುತ್ತಾನೆ. ಎಡಿಟಿಂಗ್ ಮೇಜಿನಲ್ಲಿ ತಾನೇ ಎರಡು ಶಾಟ್ ಅಂಟಿಸಿ, ಇಲ್ಲದ ಭಾವ ಹುಟ್ಟಿಸಿದವನು, ಟಿವಿ ಸಂದರ್ಶನದಲ್ಲಿ ಒಬ್ಬರ ಮಾತಿಗೆ ಇನ್ನಾವುದೋ ಕ್ಷಣದ ನಗು ಜೋಡಿಸಿದ್ದರೆ ಅನುಮಾನಪಡುತ್ತಾನೆ.

ಆಕ್ಷೇಪಗಳಲ್ಲಿ ಹುರುಳಿರುವುದು ಒಂದರಲ್ಲಿ: ಕಾಲೇಜು ಪ್ರವೇಶದ ಎಟಿಎಆರ್ ರ‍್ಯಾಂಕ್ ಲೆಕ್ಕ ಹಾಕುವಾಗ ಸ್ಕೇಲಿಂಗ್‌ನಲ್ಲಿ ಇಂಥ ವಿಷಯದ ಅಂಕ ಕೆಳಗಿಳಿಯುತ್ತದೆ ಎಂಬುದು. ಸ್ಪೆಷಲಿಸ್ಟ್ ಗಣಿತದಲ್ಲಿ ಪಡೆದ ಅಷ್ಟೇ ಅಂಕಕ್ಕೆ ಹೆಚ್ಚು ಬೆಲೆ ಸಿಗುವುದು ನಿಜ. ಆದರೆ ಸ್ಕೇಲಿಂಗ್ ಎಂದರೆ ವಿಷಯದ ಯೋಗ್ಯತೆಗೆ ಹಾಕಿದ ಮುದ್ರೆಯಲ್ಲ. ಅದೇ ವಿದ್ಯಾರ್ಥಿಗಳು ಬೇರೆ ವಿಷಯಗಳಲ್ಲಿ ಹೇಗೆ ಮಾಡಿದ್ದಾರೆಂದು ನೋಡಿ ಪ್ರತಿವರ್ಷ ಹೊಸದಾಗಿ ಮಾಡುವ ಲೆಕ್ಕ. ರ‍್ಯಾಂಕಿಗೆ ಪರಿಗಣಿಸುವುದೂ ಅತ್ಯುತ್ತಮ ಐದು ಫಲಿತಾಂಶಗಳನ್ನು. ಹೀಗಿರುವಾಗ ಮನಸ್ಸಿಲ್ಲದೆ ಆಯ್ದು ಕಷ್ಟಪಟ್ಟು ತೇರ್ಗಡೆಯಾದ ಗಣಿತಕ್ಕಿಂತ, ಆಸ್ಥೆಯಿಂದ ಕಲಿತು ಮೇಲ್ಮಟ್ಟದ ಅಂಕ ಪಡೆದ ಮೀಡಿಯಾ ರ‍್ಯಾಂಕಿಗೆ ಹೆಚ್ಚು ನೆರವಾಗಬಹುದು. ಎಂಜಿನಿಯರಿಂಗ್ ಬಯಸುವವರು ಮಾತ್ರ ಮೊದಲು ವಿಶ್ವವಿದ್ಯಾಲಯಗಳ ಷರತ್ತು ನೋಡಬೇಕು. ಅಲ್ಲಿ ಸಾಮಾನ್ಯವಾಗಿ ‘ಮ್ಯಾಥಮೆಟಿಕಲ್ ಮೆಥಡ್ಸ್’ ಎಂಬ ಗಣಿತ ವಿಷಯ ಕೇಳುತ್ತಾರೆ. ಅದನ್ನು ಬಿಟ್ಟು ಮೀಡಿಯಾ ಹಿಡಿದರೆ ತೊಂದರೆ. ಅದನ್ನೂ ಇಟ್ಟುಕೊಂಡು ಇದನ್ನೂ ಓದಲು ಅಡ್ಡಿಯೇನಿಲ್ಲ.