ಅಕ್ಷರಗಳನ್ನು ನುಂಗುವ ಯಂತ್ರ

ಕಾಲವಾದ ಅತ್ತೆಯವರ ಅಡಿಗೆಯ ಪುಸ್ತಕವು ಜೀರ್ಣವಾಗಿದೆ. ಮುಂದಿನವರಿಗೆ ಉಳಿಯಲೆಂದು ಸೊಸೆಯು ಅದನ್ನು ಗಣಕಯಂತ್ರದಲ್ಲಿ ಬರೆದಿಡುತ್ತಿರುವಳೆಂದು ಭಾವಿಸಿರಿ. ಸಾರಿನ ಪುಡಿಯ ವಿವರದಲ್ಲಿ "ಮೆಣಸಿನಕಾಯಿ ಅರ್ಧ ಸೇರು" ಎಂದಿದೆ. ಅದರ ಮೊದಲಿಗೆ "ಹುರಿದ" ಎಂಬ ಮಾತನ್ನು ಸೇರಿಸಹೋದರೆ, ಹೊಸ ಅಕ್ಷರವೊಂದು ಮೂಡಿದಂತೆಲ್ಲ ಮುಂದಿನ ಅಕ್ಷರವೊಂದು ಮಾಯವಾಗುವುದು! ಯಂತ್ರವು ಕೆಟ್ಟಿತೆಂದು ಆಕೆ ಗಾಬರಿಗೊಂಡು ಕಡತವನ್ನು ಹಾಗೆಯೇ ಉಳಿಸಿ ಮುಚ್ಚಿಬಿಟ್ಟರೆ ನಷ್ಟವೇ ಸರಿ.

ವಾಸ್ತವದಲ್ಲಿ ಯಂತ್ರವು ಕೆಟ್ಟಿರುವುದಿಲ್ಲ. ಬರೆಯುವ ತಂತ್ರಾಂಶಗಳಲ್ಲಿ ಎರಡು ರೀತಿಗಳುಂಟು. ಒಂದರಲ್ಲಿ ಹೊಸ ಅಕ್ಷರವು ಹಳೆಯದನ್ನು ಪಕ್ಕಕ್ಕೆ ಸರಿಸುವುದು. ಇನ್ನೊಂದರಲ್ಲಿ ಹಳೆಯದರ ಸ್ಥಾನವನ್ನೇ ಆಕ್ರಮಿಸುವುದು. ಈ ಎರಡನೆಯದಕ್ಕೆ ಓವರ್‌ಟೈಪ್ ಎಂದು ಹೆಸರು. ಲಿಬ್ರೆ ಆಫೀಸಿನಲ್ಲಿ "ಇನ್ಸರ್ಟ್" ಕೀಲಿಗೆ ಅರಿಯದೆ ಬೆರಳು ತಗುಲಿದರೆ ಸಾಕು, ರೀತಿ ಬದಲಾಗುವುದು. ಮತ್ತೊಮ್ಮೆ ಒತ್ತಿದರೆ ಸರಿಹೋಗುವುದು. ಮೈಕ್ರೋಸಾಫ್ಟ್ ವರ್ಡಿನಲ್ಲಾದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂಬಲ್ಲಿಗೆ ಹೋಗಿ "ಯೂಸ್ ಓವರ್‌ಟೈಪ್ ಮೋಡ್" ಎಂಬುದರ ಮುಂದಿನ ಗುರುತನ್ನು ತೆಗೆಯತಕ್ಕದ್ದು. ಅಳಿದುಹೋದುದನ್ನು ಮರಳಿ ಪಡೆಯಲು, ಕಡತವನ್ನು ಮುಚ್ಚುವುದಕ್ಕೆ ಮುಂಚೆಯೇ ಕಂಟ್ರೋಲ್ ಕೀಲಿಯನ್ನು ಅದುಮಿಕೊಂಡು ಝಡ್ ಅನ್ನು ಬೇಕಾದಷ್ಟು ಸಲ ಒತ್ತಬೇಕು.

ಎರಡನೆಯ ತೊಂದರೆ, ನಾವು ಬರೆದುದನ್ನು ತಂತ್ರಾಂಶವು ತಾನೇ ತಿದ್ದುವುದು. ಇಂಗ್ಲಿಷಿನಲ್ಲಿ ಎ, ಬಿ, ಸಿ ಎಂದು ಕಂಸದೊಳಗೆ ಕ್ರಮಾಕ್ಷರಗಳನ್ನು ಕೊಡುತ್ತ ಬಂದರೆ, ಮೂರನೆಯದು ಗ್ರಂಥಸ್ವಾಮ್ಯದ ಚಿಹ್ನೆಯಾಗಿ ಕುಳಿತುಬಿಡುವುದು! ಇದು ಆಟೋಕರೆಕ್ಟ್ ಎಂಬ ಸೇವಕನ ಅತ್ಯುತ್ಸಾಹ. ಒಡನೆಯೇ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ತಿದ್ದುಪಡಿ ಮಾತ್ರ ಹಿಂದೆಗೆದು ನಮ್ಮ ಬರಹವು ಉಳಿಯುವುದು.

ಮೂರನೆಯದು ಕನ್ನಡಿಗರಿಗೆ ವಿಶೇಷವಾದುದು. ಕನ್ನಡದಲ್ಲಿ ಬರೆಯುತ್ತಿರುವಾಗ ನಡುವೆ ಇಂಗ್ಲಿಷ್ ಅಕ್ಷರಗಳು ಬರತೊಡಗಿದರೆ, ಕೀಲಿಮಣೆಯ ಭಾಷೆ ಬದಲಾಗಿರಬಹುದು. ವಿಂಡೋಸಿನಲ್ಲಿ ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿ ಕನ್ನಡವನ್ನು ಆರಿಸಬೇಕು. ಆದರೆ ಹಿಂದೆ ಬರೆದಿಟ್ಟ ಕನ್ನಡ ಕಡತವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಕಾರಣವು ಬೇರೆ. ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿಯೇ ಕೂರಿಸಿದ್ದರು. ಆ ಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುವುದು. ಅದನ್ನು ಅಳಿಸಬೇಡಿರಿ, ಮೊದಲಿನ ಅಕ್ಷರಶೈಲಿಯನ್ನು ಹಾಕಿದರೆ ಬರಹವು ಮರಳಿ ಕಾಣುವುದು. 1991ರಲ್ಲಿ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸಂಕೇತಗಳು ದೊರೆತಿವೆ. ಬಹುಕಾಲ ಉಳಿಯಬೇಕಾದ ಬರಹವನ್ನು ಯುನಿಕೋಡಿನಲ್ಲಿಯೇ ಬರೆಯುವುದು ಲೇಸು.

ಆದುದರಿಂದ ಸೋದರಿಯರೇ, ಯಂತ್ರವು ವಿಚಿತ್ರವಾಗಿ ವರ್ತಿಸಿದಾಗ ಮೊದಲು ಕೈಗಳನ್ನು ಕೀಲಿಮಣೆಯಿಂದ ಎತ್ತಿರಿ. ಕಡೆಯದಾಗಿ ಯಾವ ಕೀಲಿಗೆ ಬೆರಳು ತಗುಲಿತೆಂದು ನೆನೆಯಿರಿ. ಆಗಿಹೋದುದನ್ನು ಹಿಂದಕ್ಕೆ ಪಡೆದು, ಅನಂತರ ಕಾರಣವನ್ನು ಹುಡುಕಿರಿ. ಒಲೆಯ ಮೇಲಿನ ಹಾಲು ಉಕ್ಕಿದಾಗ ಪಾತ್ರೆಯನ್ನು ದೂಷಿಸದೆ ಉರಿಯನ್ನು ತಗ್ಗಿಸುವ ಗೃಹಿಣಿಗೆ ಇದು ಕಷ್ಟದ ವಿದ್ಯೆಯಲ್ಲ. ಅತ್ತೆಯವರ ಅರ್ಧ ಸೇರು ಮೆಣಸಿನಕಾಯಿಯು ಮೊಮ್ಮಕ್ಕಳ ಕಾಲಕ್ಕೂ ಅಷ್ಟೇ ಇರುವುದು.