ಅಂಗಡಿಯ ವಹಿಯೂ ಬೆಂಗಳೂರಿನ ‘ಟ್ಯಾಲಿ’ಯೂ

ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಅಂಗಡಿಕಾರರು ಹೊಸ ವಹಿಗಳನ್ನು ಪೂಜಿಸುವ ವಾಡಿಕೆಯು ನಮ್ಮ ಬೆಳಗಾವಿ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದಿರುವದು. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯ ಮೇಲಿನ ನಮ್ಮ ಯರಗಟ್ಟಿಯಲ್ಲಿಯೂ ಅದು ತಪ್ಪಿದ್ದಿಲ್ಲ. ಇಲ್ಲಿಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ನಮ್ಮ ಬಾಲ್ಯಸ್ನೇಹಿತರೊಬ್ಬರು ದಿವಾಣಜಿಗಳಾಗಿರುವದರಿಂದ ಪ್ರತಿವರ್ಷ ಆ ಪೂಜೆಗೆ ನಮಗೆ ಕರೆ ಬರುವದು. ಕೆಲವು ವರ್ಷಗಳ ಕೆಳಗೆ ಹೀಗೆ ಹೋದಾಗ, ಕೆಂಪು ಬಟ್ಟೆಯ ಹೊದಿಕೆಯ ವಹಿಯ ಮಗ್ಗುಲಲ್ಲಿ ಗಣಕಯಂತ್ರವೊಂದಕ್ಕೂ ಅರಿಸಿನ-ಕುಂಕುಮಗಳು ಏರಿದ್ದುದನ್ನು ಕಂಡೆವು. ಅದರ ಪರದೆಯ ಮೇಲೆ ‘ಟ್ಯಾಲಿ’ ಎಂಬ ಹೆಸರು ಹೊಳೆಯುತ್ತಿದ್ದಿತು.

ಸಂಸ್ಕೃತ ಓದಿದವರಿಗೆ ಶಬ್ದವನ್ನು ಕಂಡಕೂಡಲೆ ಅದರ ಬುಡವನ್ನು ಕೆದಕುವ ಚಟ. ಇಂಗ್ಲಿಷಿನ ಟ್ಯಾಲಿ ಎಂದರೆ ಲೆಕ್ಕಕ್ಕಾಗಿ ಕಚ್ಚು ಹಾಕಿದ ಕೋಲು. ಲ್ಯಾಟಿನ್ ಭಾಷೆಯ ‘ತಾಲೆಯಾ’ ಎಂಬುದರಿಂದ ಬಂದದ್ದು. ನಮ್ಮಲ್ಲಿಯೋ ಲೆಕ್ಕ ಸರಿಹೊಂದಿದರೆ ‘ತಾಳೆ ಬಂತು’ ಎನ್ನುವರು. ಇವೆರಡಕ್ಕೂ ನೆಂಟಸ್ತಿಕೆಯುಂಟೆಂದು ನಾವು ಹೇಳಲೊಲ್ಲೆವು; ಆದರೂ ಆ ಸಂಜೆ ಈ ಮಾತನ್ನೆತ್ತಿ ದಿವಾಣಜಿಗಳನ್ನು ನಗಿಸಲು ಹೋದೆವು. ಅವರು ನಗಲಿಲ್ಲ. ನಾಲ್ವತ್ತು ವರ್ಷ ಕಿರ್ದಿ-ಖತಾವಣಿ ಬರೆದ ಕೈಗೆ ಮುಂದೆ ಕೆಲಸವುಂಟೋ ಇಲ್ಲವೋ ಎಂಬ ಚಿಂತೆ ಅವರಿಗೆ ಹತ್ತಿದ್ದಿತು.

ಈ ತಂತ್ರಾಂಶದ ಜನ್ಮವೃತ್ತಾಂತವನ್ನು ವಾಚಕರು ತಿಳಿಯತಕ್ಕದ್ದೇ. ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಎಂಬ ವರ್ತಕರು ಬಟ್ಟೆಯ ಗಿರಣಿಗಳಿಗೂ ಕಾರಖಾನೆಗಳಿಗೂ ಕಚ್ಚಾಮಾಲು ಮತ್ತು ಯಂತ್ರದ ಬಿಡಿಭಾಗಗಳನ್ನು ಪೂರೈಸುತ್ತಿದ್ದರು. ತಮ್ಮ ಲೆಕ್ಕಪತ್ರಗಳಿಗೆ ಒಪ್ಪುವ ತಂತ್ರಾಂಶವು ಪೇಟೆಯಲ್ಲಿ ದೊರೆಯದಿರಲು, ಗಣಿತವನ್ನು ಅಭ್ಯಾಸ ಮಾಡಿದ್ದ ಮಗ ಭರತ ಗೋಯೆಂಕಾ ಅವರಿಗೆ ನೀನೇ ಒಂದನ್ನು ರಚಿಸೆಂದರು. 1986ರಲ್ಲಿ ತಂದೆ-ಮಕ್ಕಳ ಸಂಸ್ಥೆಯು ‘ಪ್ಯೂಟ್ರಾನಿಕ್ಸ್’ ಎಂಬ ಹೆಸರಿನಿಂದ ಆರಂಭವಾಯಿತು. 1999ರಲ್ಲಿ ‘ಟ್ಯಾಲಿ ಸೊಲ್ಯೂಷನ್ಸ್’ ಎಂದು ಹೆಸರು ಬದಲಿಸಿತು. ಮನೆಯ ಅಡಚಣೆಗೆಂದು ಮಾಡಿದ ಮದ್ದು ದೇಶದ ಅಂಗಡಿ ಅಂಗಡಿಗೂ ಬೇಕಾಯಿತು. ಇಂದು ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ವ್ಯವಹಾರಗಳು ಇದನ್ನು ಬಳಸುತ್ತಿರುವವೆಂದು ಸಂಸ್ಥೆಯು ಹೇಳಿಕೊಳ್ಳುವದು. ಭರತ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಇದು ಇಷ್ಟು ಹಬ್ಬಲು ಕಾರಣವೇನು? ಅದಕ್ಕೂ ಮೊದಲಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿಯೊಂದು ಖಾತೆಗೂ ಒಂದು ಅಂಕೆಯ ಸಂಕೇತವನ್ನು ಕೊಟ್ಟು, ಆ ಸಂಕೇತಗಳ ಪಟ್ಟಿಯನ್ನು ಬಾಯಿಪಾಠ ಮಾಡಿಯೋ ಮಗ್ಗುಲಲ್ಲಿಟ್ಟುಕೊಂಡೋ ಕೂಡ್ರಬೇಕಾಗಿತ್ತು. ಅಂಗಡಿಕಾರನು ಗಿರಾಕಿಯನ್ನು ಹೆಸರಿನಿಂದ ಬಲ್ಲನೇ ಹೊರತು ಅಂಕೆಯಿಂದ ಬಲ್ಲನೆ? ಟ್ಯಾಲಿಯು ಆ ಸಂಕೇತಗಳನ್ನು ಕಿತ್ತೊಗೆದು ಹೆಸರನ್ನೇ ಕೇಳಿತು. ಹಣ ಕೊಟ್ಟರೆ ‘ಎಫ್ 5’, ಹಣ ಬಂದರೆ ‘ಎಫ್ 6’, ಮಾರಿದರೆ ‘ಎಫ್ 8’, ಕೊಂಡರೆ ‘ಎಫ್ 9’: ಹೀಗೆ ಒಂದೊಂದು ಕೀಲಿಯನ್ನೊತ್ತಿದರೆ ಅದಕ್ಕೆ ತಕ್ಕ ಚೀಟಿ ತೆರೆದುಕೊಳ್ಳುವದು. ಕಿರ್ದಿಯಲ್ಲಿ ಒಮ್ಮೆ ಬರೆದುದು ತಾನೇ ಖತಾವಣಿಗೂ ತೇರೀಜಿಗೂ ಲಾಭ-ಹಾನಿಯ ಪತ್ರಕ್ಕೂ ಹರಿದುಹೋಗುವದು. ಪ್ರತಿಯೊಂದು ವ್ಯವಹಾರವನ್ನು ಜಮೆಯಲ್ಲಿಯೂ ಖರ್ಚಿನಲ್ಲಿಯೂ ಬರೆಯುವ ಜೋಡುನಮೂದಿನ ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ ಎಂಬ ಸನ್ಯಾಸಿಯು 1494ರಲ್ಲಿಯೇ ವೆನಿಸಿನಲ್ಲಿ ಅಚ್ಚು ಹಾಕಿಸಿದ್ದನು. ಆ ಹಳೆಯ ಶಾಸ್ತ್ರವೇ ಇಲ್ಲಿಯೂ ಉಂಟು. ದಣಿವು ಮಾತ್ರ ಇಲ್ಲ.

ಇನ್ನೊಂದು ಸಂಗತಿಯು ನಮ್ಮಂಥವರಿಗೆ ಹೆಚ್ಚು ರುಚಿಸುವದು. ಒಂದು ಅಂಗಡಿಯ ರೀತಿ ಮತ್ತೊಂದಕ್ಕೆ ಬರದು. ಹಾಗೆಂದು ಅಂಗಡಿಗೊಂದು ತಂತ್ರಾಂಶವನ್ನು ಮೊದಲಿನಿಂದ ಬರೆಯಿಸುವದು ಯಾರಿಂದ ಸಾಧ್ಯ? ಅದಕ್ಕಾಗಿ ಈ ಸಂಸ್ಥೆಯು ‘ಟಿ.ಡಿ.ಎಲ್.’ ಎಂಬ ಒಂದು ಲಕ್ಷಣ-ಭಾಷೆಯನ್ನು ಮಾಡಿತು. ಅದರಲ್ಲಿ ವರದಿ, ನಮೂನೆ, ಭಾಗ, ಸಾಲು, ಅಂಕಣ ಎಂದು ಒಂದರೊಳಗೊಂದು ಅಡಕವಾದ ವ್ಯಾಖ್ಯೆಗಳಿರುವವು. ಏನು ಬೇಕೆಂಬದನ್ನು ನಿರೂಪಿಸಬೇಕು; ಹೇಗೆ ಮಾಡಬೇಕೆಂಬದನ್ನು ಬಹುಮಟ್ಟಿಗೆ ಯಂತ್ರವೇ ನೋಡಿಕೊಳ್ಳುವದು. ಮೊದಲೇ ಇರುವ ವ್ಯಾಖ್ಯೆಯ ಹಿಂದೆ ಒಂದು ಚಿಹ್ನೆಯನ್ನಿಟ್ಟು ನಮಗೆ ಬೇಕಾದಷ್ಟನ್ನೇ ತಿದ್ದಬಹುದು. ಉಳಿದುದು ಇದ್ದಂತೆಯೇ ಇರುವದು. ಪಾಣಿನಿಯ ವ್ಯಾಕರಣವನ್ನು ಬಲ್ಲವರಿಗೆ ಇದು ಉತ್ಸರ್ಗ ಮತ್ತು ಅಪವಾದಗಳ ನ್ಯಾಯವೆಂದು ಥಟ್ಟನೆ ಹೊಳೆಯುವದು. ಸಾಮಾನ್ಯ ಸೂತ್ರವು ಎಲ್ಲೆಡೆಗೆ, ವಿಶೇಷ ಸೂತ್ರವು ತನ್ನ ಎಡೆಯಲ್ಲಿ ಮಾತ್ರ. ಹೀಗೆ ಕಡಿಮೆ ಬರೆದು ಹೆಚ್ಚು ಕೆಲಸ ಮಾಡಿಸಿಕೊಳ್ಳುವ ತಂತ್ರಾಂಶಗಳಿಗೆ ಫಾರೆಸ್ಟರ್ ಎಂಬ ಅಮೇರಿಕದ ಸಂಸ್ಥೆಯು 2014ರಲ್ಲಿ ‘ಲೋ-ಕೋಡ್’ ಎಂಬ ಹೆಸರನ್ನು ಬಳಕೆಗೆ ತಂದಿತು. ಮದ್ರಾಸಿನ ಕಡೆಯ ‘ಜೋಹೊ ಕ್ರಿಯೇಟರ್’, ‘ಕಿಸ್‌ಫ್ಲೋ’ಗಳು ಈ ಪಂಗಡದಲ್ಲಿ ಖ್ಯಾತಿವೆತ್ತವು. ಟ್ಯಾಲಿಯನ್ನು ಆ ಪಂಗಡಕ್ಕೆ ಸೇರಿಸುವ ರೂಢಿಯಿಲ್ಲ. ಆದರೆ ಹೆಸರು ಹುಟ್ಟುವ ಮೊದಲೇ ಆ ಗುಣದ ಒಂದು ಅಂಶವು ಇದರಲ್ಲಿದ್ದಿತೆಂಬದು ನಮ್ಮ ಅಭಿಪ್ರಾಯ.

ನಮ್ಮೂರಿನಂಥ ಊರುಗಳಿಗೆ ಇದನ್ನು ತಂದುದು ಬಹುಮಟ್ಟಿಗೆ ತೆರಿಗೆಯೇ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ ಬಂದಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿತು. ನಮ್ಮ ಸ್ನೇಹಿತರ ಅಂಗಡಿಯನ್ನೇ ನೋಡಿರಿ. ಆಗ ಬಿತ್ತನೆಯ ಬೀಜಕ್ಕೆ ತೆರಿಗೆಯಿಲ್ಲ, ಗೊಬ್ಬರಕ್ಕೆ ಶೇಕಡಾ 5, ಕೀಟನಾಶಕಕ್ಕೆ ಶೇಕಡಾ 18! ಒಬ್ಬನೇ ರೈತನು ಒಂದೇ ಚೀಲದಲ್ಲಿ ಮೂರನ್ನೂ ಒಯ್ಯುವನು. ಕೊಂಡಾಗ ತೆತ್ತ ತೆರಿಗೆಯನ್ನು ಮಾರಿದಾಗಿನ ತೆರಿಗೆಯಲ್ಲಿ ಕಳೆದು ಸರಕಾರಕ್ಕೆ ಹೊತ್ತಿಗೆ ಸರಿಯಾಗಿ ಲೆಕ್ಕ ಒಪ್ಪಿಸಬೇಕು. ಕೈಬರಹದ ವಹಿಯು ಇದಕ್ಕೆ ಸೋತಿತು. ಮಾಲಕರು ಗಣಕಯಂತ್ರ ತರಿಸಿ, ಬೈಲಹೊಂಗಲದಲ್ಲಿ ಟ್ಯಾಲಿಯನ್ನು ಕಲಿತುಬಂದ ಒಬ್ಬ ಹುಡುಗಿಯನ್ನು ನೇಮಿಸಿಕೊಂಡರು. ಅವಳು ನಮ್ಮ ಶಾಲೆಯಲ್ಲಿಯೇ ಓದಿದವಳು, ತಂದೆಯಿಲ್ಲದ ಮನೆ, ಅವಳ ಸಂಬಳದಿಂದಲೇ ತಮ್ಮನ ವಿದ್ಯಾಭ್ಯಾಸ ಸಾಗಿದ್ದಿತು.

ದಿವಾಣಜಿಗಳು ಅವಳೊಡನೆ ಕೆಲವು ತಿಂಗಳು ಸರಿಯಾಗಿ ಮಾತನಾಡಲಿಲ್ಲ. ಇದನ್ನು ಬರೆಯಲು ನಮಗೆ ಸಂಕೋಚವೇ. ಆದರೆ ಅವರೇ ಬರೆಯಿರಿ ಎಂದಿರುವರು.

ಆಮೇಲೆ ಒಂದು ಸುಗ್ಗಿಯ ಕಾಲಕ್ಕೆ ಈ ಪ್ರಸಂಗ ನಡೆಯಿತು. ಮಲ್ಲಪ್ಪ, ಬಸಪ್ಪ, ಈರಪ್ಪ ಎಂಬ ಹೆಸರುಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲವಷ್ಟೆ. ಹೆಸರೂ ಅಡ್ಡಹೆಸರೂ ಒಂದೇ ಆಗಿದ್ದ ಇಬ್ಬರು ರೈತರು ಆ ಅಂಗಡಿಯ ಉದ್ರಿಯ ಗಿರಾಕಿಗಳು. ಯಂತ್ರದಲ್ಲಿ ಒಬ್ಬನ ಖಾತೆಯಷ್ಟೇ ಇದ್ದಿತು. ಎರಡನೆಯವನು ಒಯ್ದ ಔಷಧವೂ ಅವನ ಹೆಸರಿಗೇ ಬಿದ್ದಿತು. ಮಾಲು ಮಾರಿ ಬಾಕಿ ತೀರಿಸಲು ಬಂದವನಿಗೆ ಮಾಲಕರು ಹನ್ನೊಂದು ಸಾವಿರ ರೂಪಾಯಿ ಹೆಚ್ಚು ಹೇಳಿದರು. “ನಾ ಈ ವರ್ಷ ಔಷಧ ಒಯ್ದಽ ಇಲ್ಲರಿ ಸಾವಕಾರ್ರ” ಎಂದು ಅವನು ತುಂಬಿದ ಅಂಗಡಿಯಲ್ಲಿ ನಿಂತು ಹೇಳಿದನು. ಹಣಕ್ಕಿಂತ, ಸುಳ್ಳುಗಾರನೆನಿಸಿಕೊಂಡ ಅವಮಾನವೇ ಅವನನ್ನು ಸುಟ್ಟಿತು.

ಹುಡುಗಿಯು ಪರದೆಯನ್ನು ಮತ್ತೆ ಮತ್ತೆ ನೋಡಿ, “ಎಲ್ಲಾ ತಾಳೆ ಬಂದೈತಲ್ರಿ ಕಾಕಾ” ಎಂದಳು. ದಿವಾಣಜಿಗಳು ಕನ್ನಡಕವನ್ನು ಹಣೆಗೇರಿಸಿ, “ಲೆಕ್ಕ ತಾಳೆ ಬಂದೈತವ್ವಾ, ಮನಷ್ಯಾ ತಾಳೆ ಬಂದಿಲ್ಲ” ಎಂದರು. ತಮ್ಮ ಸಣ್ಣ ಟಿಪ್ಪಣಿಯ ಪುಸ್ತಕವನ್ನು ತೆಗೆದು, ಆ ಔಷಧವನ್ನು ಒಯ್ದವನು ಮುನವಳ್ಳಿಯ ಕಡೆಯವನೆಂದೂ ಇವನಲ್ಲವೆಂದೂ ತೋರಿಸಿದರು.

ಇಲ್ಲಿ ಯಂತ್ರದ ತಪ್ಪು ಲೇಶವೂ ಇಲ್ಲ. ಕೈಲೆಕ್ಕದಲ್ಲಿ 54 ಎಂಬಲ್ಲಿ 45 ಎಂದು ಅಂಕೆಗಳು ಹಿಂದುಮುಂದಾದರೆ ಬರುವ ವ್ಯತ್ಯಾಸವು 9ರಿಂದ ಭಾಗವಾಗುವದೆಂಬ ಉಪಾಯವನ್ನು ನಾವು ಶಾಲೆಯಲ್ಲಿ ಹೇಳಿಕೊಡುತ್ತಿದ್ದೆವು. ಒಂದು ಕಡೆ ಬರೆದು ಮತ್ತೊಂದು ಕಡೆಗೆ ಎತ್ತಿಬರೆಯುವಾಗಿನ ಅಂಥ ತಪ್ಪುಗಳಿಗೆ ಟ್ಯಾಲಿಯಲ್ಲಿ ಎಡೆಯೇ ಇಲ್ಲ. ಜಮೆ-ಖರ್ಚುಗಳು ಸಮವಾಗದಿದ್ದರೆ ಅದು ಚೀಟಿಯನ್ನೇ ಸ್ವೀಕರಿಸದು. ಆದರೆ ಸರಿಯಾದ ಮೊತ್ತವು ತಪ್ಪು ಮನುಷ್ಯನ ಖಾತೆಗೆ ಹೋದರೆ ತೇರೀಜು ಸಮವಾಗಿಯೇ ಇರುವದು. ಬರೆಯದೆ ಬಿಟ್ಟುದನ್ನೂ ಅದು ಅರಿಯದು. ಇದು 1494ರ ಪದ್ಧತಿಗೂ ಇದ್ದ ಮಿತಿ. ಕೈಯಿಂದ ಬರೆಯುವಾಗ, ಹೆಸರಿನ ಜೊತೆಗೆ ಮುಖವೂ ನೆನಪಿಗೆ ಬರುತ್ತಿದ್ದುದರಿಂದ, ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಮಾಲಕರು ಆ ರೈತನ ಮನೆಯವರೆಗೆ ಹೋಗಿ ತಪ್ಪಾಯಿತೆಂದು ಹೇಳಿಬಂದರು. ಹುಡುಗಿಯನ್ನು ಬಿಡಿಸುವ ಮಾತು ಬಂದಿತು. ಅದಕ್ಕೆ ಅಡ್ಡಬಂದವರು ದಿವಾಣಜಿಗಳೇ. “ಖಾತೇದಾಗ ಊರು, ತಂದಿ ಹೆಸರು ಬರಿಯಾಕ ಜಾಗಾನಽ ಇಲ್ಲಂದರ ಆ ಕೂಸರ ಏನ ಮಾಡಬೇಕರಿ?” ಎಂದು ಅವರು ವಾದಿಸಿದರಂತೆ. ಟ್ಯಾಲಿಯಲ್ಲಿ ವಿಳಾಸಕ್ಕೆ ಎಡೆಯುಂಟು. ಆದರೆ ಚೀಟಿ ಬರೆಯುವ ಹೊತ್ತಿಗೆ ಅದು ಕಣ್ಣೆದುರಿಗೆ ಬಾರದಿದ್ದರೆ ಫಲವೇನು? ಬೆಳಗಾವಿಯಿಂದ ಟಿ.ಡಿ.ಎಲ್. ಬಲ್ಲ ಒಬ್ಬ ತರುಣನನ್ನು ಕರೆಯಿಸಿದರು. ಅವನು ಮಧ್ಯಾಹ್ನದ ಊಟದೊಳಗಾಗಿ ಕೆಲವೇ ಸಾಲುಗಳನ್ನು ಬರೆದು, ಮಾರಾಟದ ಚೀಟಿಯಲ್ಲಿ ಗಿರಾಕಿಯ ಹೆಸರಿನ ಕೆಳಗೆ ತಂದೆಯ ಹೆಸರು, ಊರು ಎಂಬ ಎರಡು ಅಂಕಣಗಳನ್ನು ಸೇರಿಸಿಕೊಟ್ಟನು. ಅವುಗಳನ್ನು ತುಂಬದೆ ಉದ್ರಿಯ ಚೀಟಿ ಮುಂದೆ ಸಾಗದು.

ಆ ಅಂಕಣಗಳನ್ನು ತುಂಬಲು ಮೂರು ವಾರ ಹಿಡಿಯಿತು. ದಿವಾಣಜಿಗಳು ಒಬ್ಬೊಬ್ಬ ಗಿರಾಕಿಯ ಊರು, ತಂದೆ, ಹೊಲ, ಕೊಡುವ-ತೆಗೆದುಕೊಳ್ಳುವ ರೀತಿ ಎಲ್ಲವನ್ನೂ ಬಾಯಿಂದ ಹೇಳುತ್ತ ಹೋದರು. ಅವಳು ಒತ್ತುತ್ತ ಹೋದಳು. ನಾಲ್ವತ್ತು ವರ್ಷ ಒಬ್ಬರ ತಲೆಯಲ್ಲಿದ್ದುದು ಹೀಗೆ ಮೊದಲ ಸಲ ಅಂಗಡಿಯ ಸೊತ್ತಾಯಿತು. ನಾವೂ ಒಂದೆರಡು ಸಂಜೆ ಹೋಗಿ ಕುಳಿತು ಕೇಳಿದೆವು. ನಮ್ಮ ಎಷ್ಟೋ ಹಳೆಯ ವಿದ್ಯಾರ್ಥಿಗಳ ಕ್ಷೇಮಸಮಾಚಾರವು ಅಲ್ಲಿ ತಿಳಿಯಿತು. ಕೆಲವರು ತೀರಿಕೊಂಡ ಸುದ್ದಿಯೂ.

ಈಗ ಆ ಹುಡುಗಿಯು ಸಂಜೆಯ ಹೊತ್ತು ಮತ್ತೆರಡು ಅಂಗಡಿಗಳ ಲೆಕ್ಕವನ್ನೂ ನೋಡಿಕೊಳ್ಳುವಳು. ದಿವಾಣಜಿಗಳು ಕೀಲಿಗಳನ್ನು ಒತ್ತಲು ಕಲಿತಿಲ್ಲ, ಕಲಿಯುವ ಮನಸ್ಸೂ ಇದ್ದಂತಿಲ್ಲ. ಪ್ರತಿ ಅಮವಾಸ್ಯೆಯ ಮುಂಚಿನ ದಿನ ಅವಳು ಉದ್ರಿಯ ಪಟ್ಟಿಯನ್ನು ಓದುವಳು, ಅವರು ಕಣ್ಣು ಮುಚ್ಚಿ ಕೇಳುವರು. ಕಳೆದ ದೀಪಾವಳಿಗೆ, ಹೊಸ ವಹಿಯನ್ನು ಕೊಳ್ಳಬೇಕೋ ಬೇಡವೋ ಎಂದು ಮಾಲಕರು ಕೇಳಿದಾಗ, ಒಂದು ತರಿಸಿರಿ ಎಂದವಳು ಅವಳೇ.