ಗಡಿಯಾಚೆಯ ಮೀನುಬಿಡಾರಕ್ಕೆ ಹೊರಡುವ ಮುನ್ನ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ರೈತ ಕುಟುಂಬಗಳು ಇಂದು ನಮ್ಮ ಜಿಲ್ಲೆಗಳಲ್ಲಿ ಅಪರೂಪವಲ್ಲ. ಮುಂಗಾರಿನ ಬಿತ್ತನೆ ಮುಗಿಸಿ, ಹೊಲವನ್ನು ತಮ್ಮನಿಗೋ ಅಳಿಯನಿಗೋ ಒಪ್ಪಿಸಿ, ಮೊಮ್ಮಕ್ಕಳನ್ನು ನೋಡಲು ಹೊರಡುವ ಹಿರಿಯರಿಗೆ ಅಲ್ಲಿ ಒಂದು ಕರೆ ಕಾದಿರುವುದುಂಟು: "ಅಪ್ಪಾ, ಒಂದು ವಾರ ರಜೆ ಇದೆ. ಕೆನಡಾ ಕಡೆ ಸರೋವರದ ದಡದಲ್ಲಿ ಬಿಡಾರ ಹೂಡಿ ಮೀನು ಹಿಡಿಯೋಣ." ಇಂಥ ಪ್ರವಾಸಕ್ಕೆ ಎರಡು ಬಗೆಯ ಸಿದ್ಧತೆ ಬೇಕು. ಒಂದು, ಮನುಷ್ಯರು ಗಡಿ ದಾಟಲು ಬೇಕಾದ ಕಾಗದಪತ್ರ. ಇನ್ನೊಂದು, ಮನುಷ್ಯರಿಗೆ ಅಂಟಿಕೊಂಡು ಗಡಿ ದಾಟಬಾರದ ಮಣ್ಣು, ಬೀಜ, ಹುಳು, ಸೌದೆಗಳ ವಿಚಾರ. ಮೊದಲನೆಯದನ್ನು ಮಕ್ಕಳು ನೋಡಿಕೊಂಡಾರು. ಎರಡನೆಯದರ ಬೆಲೆಯನ್ನು ರೈತರಾದ ನಿಮ್ಮಷ್ಟು ಬಲ್ಲವರು ಬೇರೆ ಇಲ್ಲ.

ಸ್ಥಳ ಮತ್ತು ಕಾಲ

ಅಮೆರಿಕ ಮತ್ತು ಕೆನಡಾಗಳ ನಡುವಿನ ಗಡಿ 8,891 ಕಿ.ಮೀ. ಉದ್ದವಿದ್ದು, ಎರಡು ದೇಶಗಳ ನಡುವಣ ಗಡಿಗಳಲ್ಲಿ ಜಗತ್ತಿನಲ್ಲೇ ಅತಿ ದೀರ್ಘವಾದುದು. ಮೀನುಬಿಡಾರಗಳಿಗೆ ಹೆಸರಾದ ಒಂದು ಭಾಗವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು 470 ಕಿ.ಮೀ. ಹೋದರೆ ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಊರು ಸಿಗುತ್ತದೆ. ರೈನಿ ನದಿಯ ಸೇತುವೆ ದಾಟಿದೊಡನೆ ಕೆನಡಾದ ಒಂಟಾರಿಯೊ ಪ್ರಾಂತಕ್ಕೆ ಸೇರಿದ ಫೋರ್ಟ್ ಫ್ರಾನ್ಸಿಸ್. ಈ ನದಿ ಪಶ್ಚಿಮಕ್ಕೆ ಹರಿದು 'ಲೇಕ್ ಆಫ್ ದಿ ವುಡ್ಸ್' ಎಂಬ ದೊಡ್ಡ ಸರೋವರವನ್ನು ಸೇರುತ್ತದೆ. ಅದರಲ್ಲಿ 14 ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ.

ಬಿಡಾರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಊಟ, ದೋಣಿ, ಮಾರ್ಗದರ್ಶಿ ಎಲ್ಲವನ್ನೂ ಮಾಲೀಕರೇ ಒದಗಿಸುತ್ತಾರೆ. ಇನ್ನೊಂದರಲ್ಲಿ ಮರದ ಮನೆ, ಒಲೆ, ಪಾತ್ರೆ, ದೋಣಿ ಕೊಟ್ಟು ಅಡುಗೆಯನ್ನು ನಮಗೇ ಬಿಡುತ್ತಾರೆ. ಸಸ್ಯಾಹಾರಿಗಳಿರುವ ಮನೆಗೆ ಎರಡನೆಯದೇ ಅನುಕೂಲ.

ಅಲ್ಲಿ ಸರೋವರದ ಹಿಮ ಕರಗುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅಲ್ಲಿಯವರು ಬಹುವಾಗಿ ಮೆಚ್ಚುವ ವಾಲೈ ಮೀನಿನ ಋತು ಈ ಭಾಗದಲ್ಲಿ ಮೇ ತಿಂಗಳ ಮೂರನೆಯ ಶನಿವಾರ ಆರಂಭವಾಗುತ್ತದೆ. ಜೂನ್ ತಿಂಗಳಲ್ಲಿ ಸೊಳ್ಳೆ ಮತ್ತು ಕಚ್ಚುವ ಕರಿನೊಣಗಳ ಕಾಟ ಹೆಚ್ಚು. ಬಿತ್ತನೆ ಮುಗಿಸಿ ಹೊರಡುವ ನಮ್ಮವರಿಗೆ ಜುಲೈ ಕೊನೆ ಮತ್ತು ಆಗಸ್ಟ್ ತಿಂಗಳು ಸೂಕ್ತ.

ಮೊದಲು ವೀಸಾ, ಆಮೇಲೆ ಮುಂಗಡ

ಅಮೆರಿಕದ ವೀಸಾ ಇದ್ದ ಮಾತ್ರಕ್ಕೆ ಕೆನಡಾ ಪ್ರವೇಶ ಸಿಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರು ಕೆನಡಾದ ಸಂದರ್ಶಕ ವೀಸಾವನ್ನು ಬೇರೆಯಾಗಿ ಪಡೆಯತಕ್ಕದ್ದು. ಇದಕ್ಕೆ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕಾಗುತ್ತದೆ. ಆದ್ದರಿಂದ ಊರು ಬಿಡುವ ಹಲವು ತಿಂಗಳು ಮುಂಚೆಯೇ ಅರ್ಜಿ ಹಾಕುವುದು ಲೇಸು. ಅಮೆರಿಕದಲ್ಲಿ ಉದ್ಯೋಗದ ಅಥವಾ ವಿದ್ಯಾರ್ಥಿ ವೀಸಾದ ಮೇಲಿರುವ ಮಕ್ಕಳಿಗೂ, ಅವರು ಭಾರತದ ಪ್ರಜೆಗಳಾಗಿದ್ದರೆ, ಇದೇ ನಿಯಮ. ಗ್ರೀನ್ ಕಾರ್ಡ್ ಉಳ್ಳವರಿಗೆ ಮಾತ್ರ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಮತ್ತು ಆ ಕಾರ್ಡು ಎರಡೂ ಕೈಯಲ್ಲಿರಬೇಕು.

ಹಿಂದಿರುಗುವ ದಾರಿಯನ್ನೂ ಮೊದಲೇ ಯೋಚಿಸಿ. ನಿಮ್ಮ ಅಮೆರಿಕ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅನುಮತಿ ಕೊಡುವಂಥದೇ, ಅದರ ಅವಧಿ ಇನ್ನೂ ಉಳಿದಿದೆಯೇ ನೋಡಿಕೊಳ್ಳಿ. ವಾರ ಕಾಲ ಕೆನಡಾಕ್ಕೆ ಹೋಗಿ ಬಂದರೆ ಅಮೆರಿಕದಲ್ಲಿ ಉಳಿಯುವ ಅವಧಿ ಹೊಸದಾಗಿ ಆರಂಭವಾದೀತೆಂದು ನಂಬಿ ಕೂರಬೇಡಿ. ಮೊಮ್ಮಕ್ಕಳು ತಂದೆ ತಾಯಿಯರಿಲ್ಲದೆ ನಿಮ್ಮೊಡನೆ ಬರುವುದಾದರೆ ಅವರಿಬ್ಬರ ಒಪ್ಪಿಗೆಪತ್ರ ಜೊತೆಗಿರಲಿ. ಗುಂಪಿನಲ್ಲಿ ಯಾರಿಗಾದರೂ ಕುಡಿದು ವಾಹನ ನಡೆಸಿದ ಶಿಕ್ಷೆಯಾಗಿದ್ದರೆ ಕೆನಡಾ ಅಧಿಕಾರಿಗಳು ಅವರನ್ನು ಗಡಿಯಿಂದಲೇ ಹಿಂದಕ್ಕೆ ಕಳುಹಿಸಬಹುದು. ಇವೆಲ್ಲ ಇತ್ಯರ್ಥವಾದ ಬಳಿಕವೇ ಬಿಡಾರಕ್ಕೆ ಮುಂಗಡ ಕಟ್ಟಿ. ಹಣ ಮರಳಿಸುವ ಷರತ್ತನ್ನು ಬರಹದಲ್ಲಿ ಪಡೆಯಿರಿ.

ಗಾಳ ಹಾಕಲೂ ಪರವಾನಗಿ

ನಮ್ಮ ಊರಕೆರೆಯಲ್ಲಿ ಹುಡುಗರು ಗಾಳ ಹಾಕಿ ಕುಳಿತಂತೆ ಅಲ್ಲಿ ಕೂರುವಂತಿಲ್ಲ. ಒಂಟಾರಿಯೊದಲ್ಲಿ ಹೊರದೇಶದವರು ಮೀನು ಹಿಡಿಯಲು ಪರವಾನಗಿ ಪಡೆಯಬೇಕು. ಹೆಚ್ಚು ಮೀನು ಇಟ್ಟುಕೊಳ್ಳಲು ಒಂದು, ಕಡಿಮೆ ಇಟ್ಟುಕೊಳ್ಳಲು ಇನ್ನೊಂದು ಎಂದು ಎರಡು ಬಗೆಯ ಪರವಾನಗಿಗಳಿವೆ. ಎರಡನೆಯದರ ಶುಲ್ಕವೂ ಕಡಿಮೆ. ಒಂದೆರಡು ಮೀನು ಸಾಕೆನ್ನುವವರಿಗೆ ಅದೇ ತಕ್ಕುದು. 18 ವರ್ಷದೊಳಗಿನ ಮಕ್ಕಳು ಪರವಾನಗಿ ಉಳ್ಳ ಹಿರಿಯರ ಜೊತೆಯಲ್ಲಿ ಗಾಳ ಹಾಕಬಹುದು, ಆದರೆ ಅವರು ಹಿಡಿದು ಇಟ್ಟುಕೊಂಡ ಮೀನು ಹಿರಿಯರ ಲೆಕ್ಕಕ್ಕೆ ಸೇರುತ್ತದೆ. ಬಿಡಾರ ಬಿಟ್ಟು ಉತ್ತರ ಒಂಟಾರಿಯೊದ ಸರ್ಕಾರಿ ಭೂಮಿಯಲ್ಲಿ ಡೇರೆ ಹಾಕಬೇಕೆಂದರೆ ಹೊರದೇಶದವರಿಗೆ ಅದಕ್ಕೂ ಬೇರೆ ಅನುಮತಿಪತ್ರ ಬೇಕು.

ಹಿಡಿದ ಮೀನನ್ನು ಮನೆಗೆ ಒಯ್ಯುವಾಗ ಕತ್ತರಿಸಿ ಒಟ್ಟಿಗೆ ಹೆಪ್ಪುಗಟ್ಟಿಸಬೇಡಿ. ಯಾವ ಜಾತಿ, ಎಷ್ಟು ಮೀನು ಎಂಬುದು ಅಧಿಕಾರಿಗೆ ತಿಳಿಯುವಂತೆ ತುಂಡಿನ ಮೇಲೆ ಚರ್ಮದ ಭಾಗ ಉಳಿಸಿ, ಬಿಡಿಬಿಡಿಯಾಗಿ ಕಟ್ಟಬೇಕು.

ಊರ ಮಣ್ಣು ಊರಲ್ಲೇ ಇರಲಿ

ಇನ್ನು ಎರಡನೆಯ ಸಿದ್ಧತೆಗೆ ಬರೋಣ. ನಮ್ಮಲ್ಲಿ ದನಗಳ ಕಾಲುಬಾಯಿ ಜ್ವರ ಇನ್ನೂ ಇದೆ. ಅಮೆರಿಕ 1929ರಿಂದ, ಕೆನಡಾ 1952ರಿಂದ ಈ ರೋಗದಿಂದ ಮುಕ್ತವಾಗಿವೆ. ಕೊಟ್ಟಿಗೆಯಲ್ಲಿ ತುಳಿದಾಡಿದ ಚಪ್ಪಲಿಯ ಕೆಸರೂ ಈ ರೋಗಾಣುವನ್ನು ಹೊತ್ತೊಯ್ಯಬಲ್ಲದು. ಆದ್ದರಿಂದ ಹೊಲಕ್ಕೆ ಹಾಕಿದ ಪಾದರಕ್ಷೆಯನ್ನು ಊರಲ್ಲೇ ಬಿಡಿ. ಹೊಲ ಅಥವಾ ಜಾನುವಾರುಗಳ ಬಳಿ ಹೋಗಿದ್ದಿರಾ ಎಂದು ಅಧಿಕಾರಿ ಕೇಳಿದರೆ ಹೌದೆಂದೇ ಹೇಳಿ. ನಿಜ ಹೇಳಿದವರಿಗೆ ಪಾದರಕ್ಷೆ ಪರೀಕ್ಷಿಸುವಷ್ಟರ ತೊಂದರೆ, ಮುಚ್ಚಿಟ್ಟವರಿಗೆ ದಂಡ.

ಹಸಿ ಕರಿಬೇವಿನ ಎಲೆಯನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲ. ನಿಂಬೆ, ಕಿತ್ತಳೆ ಗಿಡಗಳಿಗೆ ಮಾರಕವಾದ ರೋಗವನ್ನು ಹರಡುವ ಕೀಟ ಆ ಎಲೆಯ ಮೇಲೂ ವಾಸಿಸುತ್ತದೆ. ಮನೆಯ ಅಕ್ಕಿಯ ಗಂಟನ್ನೂ ಕಟ್ಟಬೇಡಿ. ದಾಸ್ತಾನು ಧಾನ್ಯವನ್ನು ಹಾಳುಮಾಡುವ ಖಾಪ್ರಾ ದುಂಬಿ ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕ 2011ರಲ್ಲಿ ನಿಷೇಧಿಸಿತು. ಆ ಪಟ್ಟಿಯಲ್ಲಿ ಭಾರತವೂ ಇದೆ. ಅಲ್ಲಿಂದ ಕೆನಡಾ ಗಡಿ ದಾಟುವಾಗಲೂ ಚೀಲದಲ್ಲಿರುವ ಪ್ರತಿಯೊಂದು ಆಹಾರವಸ್ತುವನ್ನೂ ಅಧಿಕಾರಿಗೆ ತಿಳಿಸಿ.

ಸೌದೆಯ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಏಷ್ಯಾ ಮೂಲದ ಹಸಿರು ಬಣ್ಣದ ಒಂದು ಕಾಂಡಕೊರಕ ದುಂಬಿ 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಬಳಿಯೂ, ನದಿಯಾಚೆಯ ಕೆನಡಾದ ವಿಂಡ್ಸರ್‌ನಲ್ಲಿಯೂ ಪತ್ತೆಯಾಯಿತು. ಅಲ್ಲಿಂದೀಚೆಗೆ 'ಆಶ್' ಜಾತಿಯ ಕೋಟ್ಯಂತರ ಮರಗಳು ಸತ್ತಿವೆ. ದುಂಬಿ ತಾನಾಗಿ ಹಾರುವ ದೂರ ಅಲ್ಪ. ಅದನ್ನು ದೂರದೂರಕ್ಕೆ ಕೊಂಡೊಯ್ದದ್ದರಲ್ಲಿ ಪ್ರವಾಸಿಗರು ಕಾರಿನಲ್ಲಿ ಹೇರಿಕೊಂಡು ಹೋದ ಸೌದೆಯ ಪಾಲು ದೊಡ್ಡದು. ಬಿಡಾರದ ಬೆಂಕಿಗೆ ಬಿಡಾರದ ಬಳಿಯೇ ಸೌದೆ ಕೊಳ್ಳಿ.

ಎರೆಹುಳು: ಇಲ್ಲಿ ಮಿತ್ರ, ಅಲ್ಲಿ ಶತ್ರು

ಎರೆಹುಳು ರೈತನ ಮಿತ್ರನೆಂದು ನಾವು ನಿಮಗೆ ಎಷ್ಟೋ ಬಾರಿ ಹೇಳಿದ್ದೇವೆ. ಅದು ನಿಜ. ಆದರೆ ಈ ಸರೋವರಗಳ ಸುತ್ತಲಿನ ಕಾಡಿನಲ್ಲಿ ಮಾತು ತಿರುವುಮುರುವಾಗುತ್ತದೆ. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದಿನವರೆಗೆ ಆ ನೆಲವೆಲ್ಲ ಹಿಮದ ಹಾಸಿನಡಿಯಲ್ಲಿತ್ತು. ಹಿಮ ಸರಿದ ಮೇಲೆ ಬೆಳೆದ ಕಾಡಿನಲ್ಲಿ ಎರೆಹುಳು ಇರಲಿಲ್ಲ. ಉದುರಿದ ಎಲೆ ನಿಧಾನವಾಗಿ ಕೊಳೆತು ದಪ್ಪ ಹೊದಿಕೆಯಾಗಿ ನಿಂತು, ಅದರಲ್ಲೇ ಮೇಪಲ್ ಮರದ ಸಸಿಗಳೂ ಕಾಡುಹೂಗಳೂ ಬೇರೂರಿದವು. ಐರೋಪ್ಯರು ತಂದ ಗಿಡಗಳ ಮಣ್ಣಿನೊಡನೆ ಎರೆಹುಳು ಬಂದಿತು. ಗಾಳ ಹಾಕುವವರು ಉಳಿದ ಹುಳುಗಳನ್ನು ದಡದಲ್ಲಿ ಚೆಲ್ಲಿದ್ದರಿಂದ ಅದು ಕಾಡಿನೊಳಕ್ಕೂ ಹಬ್ಬಿತು. ಹುಳು ಸೇರಿದ ಕಡೆ ಎಲೆಯ ಹೊದಿಕೆ ಕೆಲವೇ ವರ್ಷಗಳಲ್ಲಿ ತಿಂದು ಮುಗಿದು, ನೆಲ ಬರಿದಾಗಿ, ಸಸಿಗಳು ವಿರಳವಾಗುತ್ತವೆ. ನಮ್ಮ ಹೊಲದಲ್ಲಿ ನಮಗೆ ಬೇಕಾದ ಕೆಲಸವನ್ನೇ ಅದು ಅಲ್ಲಿಯೂ ಮಾಡುತ್ತದೆ. ಆ ಕಾಡಿಗೆ ಮಾತ್ರ ಅದು ಬೇಡವಾಗಿದೆ.

ಆದುದರಿಂದ ಗಾಳಕ್ಕೆ ಸಿಕ್ಕಿಸುವ ಹುಳುವನ್ನು ಅಮೆರಿಕದ ಮನೆಯ ಹಿತ್ತಲಿನಿಂದ ಮಣ್ಣಿನ ಸಮೇತ ಒಯ್ಯಬೇಡಿ. ಜೀವಂತ ಮೀನುಮರಿ ಮತ್ತು ಜಿಗಣೆಗಳನ್ನು ಎರೆಗಾಗಿ ಒಂಟಾರಿಯೊಕ್ಕೆ ತರುವುದು ಕಾನೂನಿಗೆ ವಿರುದ್ಧ. ಬೇಕಾದುದನ್ನು ಅಲ್ಲಿಯೇ ಕೊಂಡು, ಉಳಿದುದನ್ನು ನೀರಿಗೂ ನೆಲಕ್ಕೂ ಚೆಲ್ಲದೆ ಕಸದ ಡಬ್ಬಿಗೆ ಹಾಕಿ. ಮಕ್ಕಳು ಸ್ವಂತ ದೋಣಿ ಎಳೆದುಕೊಂಡು ಹೋಗುವುದಾದರೆ ನೀರು ಬಸಿದು, ಅಂಟಿದ ಕಳೆ ಕಿತ್ತು ಸಾಗಿಸಬೇಕು. 2022ರಿಂದ ಒಂಟಾರಿಯೊದಲ್ಲಿ ಇದು ಕಡ್ಡಾಯ.

ಬಿಡಾರದಲ್ಲಿ ಎಚ್ಚರ

1. ದೋಣಿ ಹತ್ತುವ ಪ್ರತಿಯೊಬ್ಬರಿಗೂ ತೇಲುಕವಚ ಇರಬೇಕು. ಈಜು ಬಲ್ಲವರೂ ತೊಡಬೇಕು, ಏಕೆಂದರೆ ಆ ತಣ್ಣೀರು ಕೈಕಾಲುಗಳನ್ನು ಬೇಗ ಮರಗಟ್ಟಿಸುತ್ತದೆ.

2. ಆಹಾರವನ್ನು ಡೇರೆಯಲ್ಲಿ ಇಡಬೇಡಿ. ವಾಸನೆಗೆ ಕರಡಿ ಬರುತ್ತದೆ.

3. ಮಂಗನ ಕಾಯಿಲೆಯಿಂದಾಗಿ ಮಲೆನಾಡಿನವರಿಗೆ ಉಣ್ಣಿಯ ಭಯ ಗೊತ್ತು. ಅಲ್ಲಿಯ ಉಣ್ಣಿ 'ಲೈಮ್' ಎಂಬ ಬೇರೊಂದು ರೋಗವನ್ನು ಹರಡುತ್ತದೆ. ಕಾಡಿನಲ್ಲಿ ಉದ್ದ ಷರಾಯಿ ತೊಟ್ಟು, ಸಂಜೆ ಮೈಯನ್ನು ಪರೀಕ್ಷಿಸಿಕೊಳ್ಳಿ.

4. ನಿತ್ಯದ ಔಷಧಿ ಮತ್ತು ವೈದ್ಯರ ಚೀಟಿ ಜೊತೆಗಿರಲಿ. ಆರೋಗ್ಯ ವಿಮೆ ಕೆನಡಾದಲ್ಲಿಯೂ ಅನ್ವಯಿಸುವುದೇ ಎಂದು ಕೇಳಿ ತಿಳಿಯಿರಿ.

ಹಿಂದಿರುಗುವಾಗ

ಪ್ರವಾಸ ಮುಗಿದು ಊರಿಗೆ ಮರಳುವಾಗ ಅಲ್ಲಿಯ ಜೋಳದ ತೆನೆ, ಹೂವಿನ ಬೀಜ, ಗೆಡ್ಡೆಗಳನ್ನು ತರುವ ಆಸೆ ಯಾವ ರೈತನಿಗಾದರೂ ಆಗುವುದು ಸಹಜ. ದಯವಿಟ್ಟು ತರಬೇಡಿ. ಕಾಂಗ್ರೆಸ್ ಕಳೆ ನಮ್ಮ ಬದುಗಳನ್ನು ಹೇಗೆ ಆಕ್ರಮಿಸಿತೆಂಬುದನ್ನು ನೀವು ಕಂಡಿದ್ದೀರಿ. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದುದು ನಮ್ಮ ಶಿವಮೊಗ್ಗದ ಮುಸುಕಿನ ಜೋಳದಲ್ಲಿ, 2018ರ ಮೇ ತಿಂಗಳಲ್ಲಿ. ಅಂದಿನಿಂದ ಸುಳಿಯೊಳಗಿನ ಆ ಹುಳುವಿನೊಡನೆ ನೀವು ಪ್ರತಿ ಹಂಗಾಮಿನಲ್ಲೂ ಹೋರಾಡುತ್ತಿದ್ದೀರಿ. ಗಡಿಯಲ್ಲಿ ನಿಂತ ಅಧಿಕಾರಿ ನಿಮ್ಮ ಚೀಲ ತೆರೆಯುವಾಗ ಬೇಸರಿಸಬೇಡಿ. ಆತ ಕಾಯುತ್ತಿರುವುದು ನಿಮ್ಮಂಥ ಇನ್ನೊಬ್ಬ ರೈತನ ಹೊಲವನ್ನು. ಬರುವಾಗ ನೆನಪುಗಳನ್ನೂ, ಮೊಮ್ಮಗ ಮೊದಲ ಮೀನು ಹಿಡಿದ ಚಿತ್ರವನ್ನೂ ತನ್ನಿ. ಬೀಜ ಬೇಕಾದರೆ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.